ಹಟ್ಟಿಯೊಳಗಿನ ಮೌನಿ

ಐರ್ಲೆಂಡಿನ ಈ ಮೂಲೆಯಲ್ಲಿ ಸೊಂಟದೆತ್ತರದ ಕರಿ ಹೋರಿಗಳನ್ನು ಮಾಂಸಕ್ಕೆಂದು ಸಾಕುವವರೆಲ್ಲ ಮಾತುಗಾರರೇ. ಅದರಲ್ಲೂ ನೆರೆಮನೆಯ ಫಿನ್‌ಬಾರನ ಬಾಯಿಗಂತೂ ಬೀಗವೇ ಇಲ್ಲ. ಬೇಲಿಗೂಟಕ್ಕೆ ಬೈಯುತ್ತಾನೆ, ಟ್ರ್ಯಾಕ್ಟರಿಗೆ ಬುದ್ಧಿ ಹೇಳುತ್ತಾನೆ, ಮಳೆ ಬಂದರೆ ‘ಮತ್ತೆ ಬಂದ್ಯಾ? ಈಗ ತಾನೆ ಹೋದೆಯಲ್ಲೋ!’ ಎಂದು ಮೋಡವನ್ನೇ ಗದರುತ್ತಾನೆ. ಚಹಾಕ್ಕೆ ಕೂತರೆ, ‘ಕುಳ್ಳ ದನಾನೇ ವಾಸಿ ಕಣಯ್ಯ. ದೊಡ್ಡದು ಬೇಲಿ ಮುರಿದು ಓಡುತ್ತೆ, ಇದು ನುಸುಳಿ ಓಡುತ್ತೆ, ಬೇಲಿಯಾದ್ರೂ ಉಳಿಯುತ್ತೆ’ ಎನ್ನುತ್ತಾನೆ. ಅಂಥವನು ಹಟ್ಟಿಯ ಬಾಗಿಲು ದಾಟಿದೊಡನೆ ಮೂಕನಾಗುತ್ತಾನೆ. ಬಕೆಟ್ಟಿನ ಕಾಳು ಕುಲುಕುತ್ತಾನೆ, ಹೋರಿಗಳು ಓಡಿ ಬರುತ್ತವೆ, ಅಷ್ಟೆ, ಹೆಸರಿಲ್ಲ, ಮುದ್ದಿಲ್ಲ. ‘ಅವನ್ನೂ ಒಂಚೂರು ಮಾತಾಡಿಸಿದ್ರೆ ನಿನ್ನ ಗಂಟೇನು ಹೋಗುತ್ತಯ್ಯ?’ ಎಂದು ನಾನೊಮ್ಮೆ ಛೇಡಿಸಿದೆ. ಅವನು ಬಕೆಟ್ಟನ್ನು ಇನ್ನೂ ಜೋರಾಗಿ ಕುಲುಕುತ್ತ ಅತ್ತ ಹೋದ. ಅವನ ಹೆಂಡತಿ ಬ್ರೀಡಾ ಮೆಲ್ಲಗೆ ಹೇಳಿದಳು: ‘ಮೊಟ್ಟಮೊದಲು ಸಾಕಿದ್ದ ಹೋರಿ ಜೊತೆ ದಿನಾ ಮಾತಾಡ್ತಿದ್ದ. ಕಟುಕನ ಗಾಡಿ ಬಂದ ದಿನ ಅದು ಬಕೆಟ್ಟು ಕುಲುಕಿದ್ರೂ ಬರ್ಲಿಲ್ಲ, ಹಗ್ಗ ಜಗ್ಗಿದ್ರೂ ಕದಲ್ಲಿಲ್ಲ. ಕೊನೆಗೆ ಇವನು ಗಾಡಿ ಪಕ್ಕ ನಿಂತು “ಬಾ ಮಗಾ” ಅಂದ. ತಾನಾಗೇ ಹತ್ತಿಬಿಡ್ತು.’