ಗಂಟಲು ಕಟ್ಟಬೇಕಾದ ಜಾಗ

ನಮ್ಮ ಬೀರೂರಿನ ಸಣ್ಣ ಕ್ರೈಸ್ತ ಸಭೆಯಲ್ಲಿ ಪ್ರಾರ್ಥನೆ ಮಾಡುವುದೆಂದರೆ ನಾನೇ. ಹಾಗಂತ ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ಕತ್ತೆ ನಾನು! ಎಲ್ಲಿ ದನಿ ಇಳಿಸಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ "ತಂದೇ" ಎಂದು ನಿಲ್ಲಿಸಿ ಕಾಯಬೇಕು, ಎಲ್ಲ ಕರಗತವಾಗಿತ್ತು. ಕಣ್ಣು ಮುಚ್ಚಿಕೊಂಡೇ, ಯಾರು ಅಳುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ ಎಂದು ಕಿವಿಯಲ್ಲಿ ಪತ್ತೆ ಹಚ್ಚುತ್ತಿದ್ದೆ. ಮುಗಿದ ಮೇಲೆ ಟೀ ಕುಡಿಯುವಾಗ ಹೊಗಳುಭಟ್ಟರು ಸುತ್ತುವರಿಯುತ್ತಿದ್ದರು.

"ಏನಣ್ಣಾ, ಇವತ್ತು ಮೈಯೆಲ್ಲಾ ಜುಂ ಅಂದ್ಬಿಡ್ತು ಕಣ್ರೀ!"

"ಎಲ್ಲಾ ದೇವರ ಕೃಪೆ" ಎಂದು ತಲೆ ತಗ್ಗಿಸುತ್ತಿದ್ದೆ. ಆ ತಗ್ಗಿಸುವುದೂ ನಾಟಕವೇ.

ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ನಮ್ಮ ರೂಢಿ. ಕಷ್ಟವಿದ್ದವರು ಮೊದಲೇ ಬಂದು, ಪ್ರಾರ್ಥಿಸುವವನ ಕಿವಿಯಲ್ಲಿ ಹೇಳಿಹೋಗುತ್ತಾರೆ. ಅಂದು ಕೂಟವಿದ್ದದ್ದು ವಯಸ್ಸಾದ ಒಬ್ಬ ವಿಧವೆಯ ಮನೆಯಲ್ಲಿ. ಅವಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮದುವೆಯಾದ ಮಗಳು ತಿಂಗಳಿಂದ ಅಲ್ಲೇ ಇದ್ದಳು. ಮಂಡಿನೋವಿನ ಅಕ್ಕನನ್ನು ನೋಡಿಕೊಳ್ಳಲು ಬಂದಿದ್ದಾಳೆ ಎಂದೇ ಎಲ್ಲರ ತಿಳಿವಳಿಕೆ. ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು.

"ಗಂಡ ಹೊಡ್ದು ಆಚೆ ಹಾಕ್ಬಿಟ್ಟ ಕಣಪ್ಪಾ. ಯಾರ್ಗೂ ಗೊತ್ತಿಲ್ಲ. ಕಡೂರಲ್ಲಿ ಹೊಲಿಗೆ ಅಂಗಡೀಲಿ ಕೆಲ್ಸ ಸಿಕ್ಕೈತೆ, ತಲೆ ಎತ್ಕೊಂಡು ಓಡಾಡ್ತಿದಾಳೆ. ಅದೊಂದು ಉಳೀಲಿ ಅಂತ ಬೇಡ್ಕೊ."

ಮನೆ ತುಂಬಿತ್ತು. ಕಡೂರಿನಿಂದಲೂ ಕೆಲವರು ಬಂದಿದ್ದರು. ನನ್ನ ಪ್ರಾರ್ಥನೆಯನ್ನು ಅವರು ಎಂದೂ ಕೇಳಿರಲಿಲ್ಲ, ಅಷ್ಟೇ ಸಾಕಾಯಿತು ನನಗೆ. ಜ್ವರಕ್ಕೆ, ಪರೀಕ್ಷೆಗೆ, ಮಳೆಗೆ ಪ್ರಾರ್ಥಿಸಿದೆ; ಒಬ್ಬರೂ ಅಳಲಿಲ್ಲ. ಸಹಿಸಲಾಗಲಿಲ್ಲ. "ತಂದೇ, ಗಂಡನ ಏಟು ತಿಂದು, ಬೀದಿಪಾಲಾಗಿ ಈ ತವರಿನ ಬಾಗಿಲಿಗೆ ಬಂದಿರುವ ಮಗಳನ್ನು ನೋಡು" ಎಂದುಬಿಟ್ಟೆ. ದನಿ ನಡುಗಿಸಿದೆ. ಮನೆಯೆಲ್ಲ ಬಿಕ್ಕಿತು.

ಆಮೆನ್ ಎಂದು ಕಣ್ಣು ಬಿಟ್ಟರೆ, ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ತಟ್ಟೆಯನ್ನು ನೆಲದ ಮೇಲಿಟ್ಟು ಒಳಗೆ ಹೋದಳು. ನಾನು ಆ ಟೀ ಕುಡಿಯುತ್ತಾ ಕಡೂರಿನವರಿಂದ ಹೊಗಳಿಸಿಕೊಂಡೆ. ನಾಚಿಕೆಗೆಟ್ಟವನು.

ವಾರದೊಳಗೆ ಹೊಲಿಗೆ ಅಂಗಡಿಗೆ ಬರುವ ಹೆಂಗಸರೆಲ್ಲ ಅವಳಿಗೆ "ಅಯ್ಯೋ ಪಾಪ" ಎನ್ನತೊಡಗಿದರು. ಅದನ್ನು ತಾಳಲಾರದೆ ಅವಳು ಕೆಲಸ ಬಿಟ್ಟು, ತರೀಕೆರೆಯ ಚಿಕ್ಕಮ್ಮನ ಮನೆ ಸೇರಿಕೊಂಡಳು.

ಸುದ್ದಿ ತಿಳಿದು ಅಕ್ಕನ ಬಳಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ. "ನನ್ನ ನಾಲ್ಗೆ ಸೇದೋಗ ಅಕ್ಕಾ, ದೇವ್ರ ಹೆಸ್ರಲ್ಲಿ ನಿನ್ನ ಮಗಳ ಮಾನ ಹರಾಜಿಗಿಟ್ಟೆ" ಎಂದೆ. ಗಂಟಲು ಕಟ್ಟಬೇಕಾದ ಜಾಗದಲ್ಲೇ ಕಟ್ಟಿತು.

ಅಕ್ಕ ಮಂಡಿಗೆ ಎಣ್ಣೆ ತಿಕ್ಕುತ್ತಾ ಪೂರ್ತಿ ಕೇಳಿಸಿಕೊಂಡಳು.

"ದೇವ್ರಿಗೆ ಹೇಳು ಅಂದಿದ್ದೆ ಕಣಪ್ಪಾ" ಎಂದಳು. ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟು, "ಕ್ಷಮೆ ಕೇಳೋದ್ನೂ ಎಷ್ಟು ಚೆನ್ನಾಗಿ ಕೇಳ್ತೀಯ" ಎಂದಳು.

ಥೂ ನನ್ನ ಜನ್ಮಕ್ಕೆ. ಆ ಮಾತು ಕೇಳಿ ಒಂದು ಕ್ಷಣ ನನಗೆ ಖುಷಿಯಾಯಿತು.