ಅಪ್ಪನ ಸಹಾಯಾರ್ಥ

ಕಲ್ಲು ದೇವರಾಗಲು ಒಪ್ಪದಿದ್ದರೆ ನಮ್ಮಪ್ಪ ಅದನ್ನು ಗುಂಡು ಮಾಡಿಬಿಡುತ್ತಿದ್ದ. ಶಿವಾರಪಟ್ಟಣದ ಶಿಲ್ಪಿ ಅವನು. ಅರ್ಧ ಕೆಲಸ ಆದಮೇಲೆ ಮುಖ ಬರಬೇಕಾದ ಜಾಗದಲ್ಲಿ ಬಿಳಿ ಗೆರೆಯೊಂದು ಕಾಣಿಸಿಕೊಂಡರೆ ಆ ಕಲ್ಲು ಮೂರ್ತಿಗೆ ನಡೆಯುವುದಿಲ್ಲ. ಬೇರೆಯವರು ಅಂಥದ್ದನ್ನು ಒರಳಿಗೋ ಮೆಟ್ಟಿಲಿಗೋ ಹಾಕುತ್ತಿದ್ದರು. ಅಪ್ಪ ಮಾತ್ರ ಬಿಡುವಾದಾಗ ಅದರ ಮೂಲೆ ತೆಗೆದು, ಸುತ್ತ ತಟ್ಟಿ ತಟ್ಟಿ, ಎಲ್ಲೂ ಕೈಗೆ ಹಿಡಿತ ಸಿಗದ ಹಾಗೆ ನುಣ್ಣಗೆ ಮಾಡಿ ಮನೆ ಮುಂದಿನ ಬಯಲಿಗೆ ಉರುಳಿಸುತ್ತಿದ್ದ. ಸುಗ್ಗಿ ಮುಗಿದ ಮೇಲೆ ಊರ ಗಂಡಸರು ಆ ಗುಂಡುಗಳನ್ನು ಎತ್ತಲು ಬರುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ವ್ಯಾಯಾಮ ಅನ್ನುವ ಮಾತು ಡ್ರಿಲ್ ಮೇಷ್ಟ್ರ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಸುತ್ತಿರಲಿಲ್ಲ. ಆಟ ಅನ್ನುತ್ತಿದ್ದೆವು, ಅಷ್ಟೇ. ಅದಕ್ಕೂ ಕಾಲ ಇತ್ತು. ಯುಗಾದಿಗೆ ಹುಣಸೆಮರಕ್ಕೆ ಉಯ್ಯಾಲೆ. ಕೂತು ತೂಗಿಕೊಳ್ಳುವುದಲ್ಲ, ನಿಂತು ಜೀಕಬೇಕು. ಮಾರನೇ ದಿನ ತೊಡೆ ಹಿಡಿದುಕೊಂಡು ನಡೆಯಲಾಗುತ್ತಿರಲಿಲ್ಲ. ಬಿಸಿಲು ಏರಿದ ಮೇಲೆ ಬಾವಿ. ಕತ್ತಾಳೆಯ ಒಣ ಬೆಂಡನ್ನು ಬೆನ್ನಿಗೆ ಕಟ್ಟಿ ಅಪ್ಪ ನಮ್ಮನ್ನು ನೀರಿಗೆ ತಳ್ಳುತ್ತಿದ್ದ, ಕಿರುಚಿದರೆ ನಗುತ್ತಿದ್ದ. ಮಳೆ ಬಿದ್ದು ಹೊಲ ಹದವಾದರೆ ಆಟಕ್ಕೆ ರಜೆ, ಕಳೆ ಕೀಳುವುದರಲ್ಲೇ ಸೊಂಟ ಬಿದ್ದುಹೋಗುತ್ತಿತ್ತು. ರಾಗಿ ಒಕ್ಕಣೆ ಮುಗಿದು, ಸಗಣಿ ಸಾರಿಸಿದ ಕಣ ಬರಿದಾಯಿತೋ, ಅದರ ಮೇಲೆ ಕಬಡ್ಡಿ. ಚಳಿಯ ಬೆಳಗಿನಲ್ಲಿ ಗುಂಡು.

ಹೆಣ್ಣುಹುಡುಗಿಯಾದ ನನ್ನನ್ನೂ ಅಪ್ಪ ಇದಕ್ಕೆಲ್ಲ ಸೇರಿಸಿಕೊಳ್ಳುತ್ತಿದ್ದ. ಅಮ್ಮ ಶ್ರೀನಿವಾಸಪುರದ ಕಡೆಯವಳು, ಸಿಟ್ಟು ಬಂದರೆ ಬಾಯಲ್ಲಿ ತೆಲುಗು. "ಆಡಪಿಲ್ಲಯ್ಯಾ ಅದಿ!" ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು. "ಹೆಣ್ಣುಮಗೂಗೆ ಮೈ ಇಲ್ವೇನೇ? ಅದೂ ತುಕ್ಕು ಹಿಡಿಯುತ್ತೆ" ಎಂದು ಅಪ್ಪ ಬಯಲಿನಿಂದಲೇ ಉತ್ತರ ಕೊಡುತ್ತಿದ್ದ. ನಾನು ಹೈಸ್ಕೂಲಿನಲ್ಲಿ ಖೋಖೋ ತಂಡಕ್ಕೆ ಸೇರಿದ್ದು, ಓಟದಲ್ಲಿ ಬಹುಮಾನ ತಂದದ್ದು ಎಲ್ಲ ಆ ಉತ್ತರದ ದಯೆ.

ಗುಂಡು ಎತ್ತುವುದಕ್ಕೆ ಕ್ರಮ ಇತ್ತು. ನೆಲದಿಂದ ಮೊಣಕಾಲಿಗೆ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ ಬಂದು ಬೆನ್ನ ಹಿಂದೆ ಬೀಳಬೇಕು. ಎತ್ತುವಾಗ ತಿಣುಕುವವರು, ಮುಖ ಕಿವುಚುವವರು, ಎತ್ತಿದ ಮೇಲೆ ಯಾರ್ಯಾರು ನೋಡಿದರು ಎಂದು ಸುತ್ತ ಕಣ್ಣಾಡಿಸುವವರು ಅಪ್ಪನಿಗೆ ಆಗುತ್ತಿರಲಿಲ್ಲ. "ಏನ್ಲಾ, ಗುಂಡು ಎತ್ತೋಕೆ ಬಂದಿದ್ದೀಯೋ, ಇಲ್ಲ ನಾಟಕಕ್ಕೆ ಬಂದಿದ್ದೀಯೋ?" ಎಂದು ಎಲ್ಲರೆದುರಿಗೇ ಕೇಳಿಬಿಡುತ್ತಿದ್ದ. ತಾನು ಎತ್ತುವಾಗ ಉಸಿರಿನ ಸದ್ದೂ ಇರುತ್ತಿರಲಿಲ್ಲ. ಎತ್ತಿ ಹಿಂದಕ್ಕೆ ಹಾಕಿ, ಕೈ ಒರೆಸಿಕೊಂಡು, ಎಲೆಅಡಿಕೆ ಕೇಳುತ್ತಿದ್ದ. ನೋಡಿದವರಿಗೆ ಆ ಕಲ್ಲು ಟೊಳ್ಳೇನೋ ಅನ್ನಿಸಬೇಕು.

ಎಂಬತ್ತನೇ ಇಸವಿ ದಾಟುವ ಹೊತ್ತಿಗೆ ಅಪ್ಪನಿಗೆ ಕೆಮ್ಮು ಹತ್ತಿತು. ಮೊದಮೊದಲು ಶುಂಠಿ ಕಷಾಯ, ಆಮೇಲೆ ಮಾಲೂರಿನ ಸೂಜಿ, ಕೊನೆಗೆ ಕೋಲಾರದ ಆಸ್ಪತ್ರೆ. ಅಲ್ಲಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎದೆ ತುಂಬ ಕಲ್ಲಿನ ಧೂಳು ಕೂತಿದೆ, ಇನ್ನು ಉಳಿ ಮುಟ್ಟಬೇಡ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಕೊ ಎಂದರು. ಬೀಡಿ ಎಷ್ಟು ಸೇದುತ್ತೀಯ ಎಂದೂ ಕೇಳಿದರು. ಅಪ್ಪ ಬೀಡಿ ಮುಟ್ಟಿದವನೇ ಅಲ್ಲ. ಅಷ್ಟೊಂದು ದೇವರುಗಳನ್ನು ಕೆತ್ತಿ ಕಳಿಸಿದನಲ್ಲ, ಅದರಲ್ಲಿ ಒಂದಾದರೂ ಬಾಯಿಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಪ್ಪಾ ಅನ್ನಬಾರದಿತ್ತೇ? ನನಗೆ ದೇವರ ಮೇಲಿನ ಸಿಟ್ಟು ಶುರುವಾದದ್ದು ಆ ಆಸ್ಪತ್ರೆಯ ಬೆಂಚಿನ ಮೇಲೆ. ಇವತ್ತಿಗೂ ಇಳಿದಿಲ್ಲ.

ಅಪ್ಪನ ಕೆಮ್ಮು ನನಗೆ ಬಾಯಿಪಾಠವಾಗಿತ್ತು. ಮೊದಲು ಸದ್ದೇ ಇರುತ್ತಿರಲಿಲ್ಲ. ಗೋಡೆ ಹಿಡಿದು ನಿಂತುಬಿಡುತ್ತಿದ್ದ, ಕುತ್ತಿಗೆಯ ನರ ಉಬ್ಬುತ್ತಿತ್ತು, ಹಣೆಯಲ್ಲಿ ಬೆವರು. ಆಮೇಲೆ ಹೊಟ್ಟೆಯ ತಳದಿಂದ ಎದ್ದು ಬರುತ್ತಿತ್ತು. ಮುಗಿದ ಮೇಲೆ ಯಾರೂ ನೋಡಲಿಲ್ಲ ತಾನೇ ಎನ್ನುವಂತೆ ಬಾಯಿ ಒರೆಸಿಕೊಂಡು ಬೇರೆ ಮಾತು ತೆಗೆಯುತ್ತಿದ್ದ.

ಮಾಲೂರಿನಲ್ಲಿ ಆಗ ಯುವಕರ ಸಂಘವೊಂದಿತ್ತು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಓಟ, ಕಬಡ್ಡಿ, ಗುಂಡು ಎತ್ತುವ ಪಂದ್ಯ ನಡೆಸುತ್ತಿತ್ತು. ಅದರ ಕಾರ್ಯದರ್ಶಿಗೆ ಬಜಾರಿನಲ್ಲಿ ಬಟ್ಟೆ ಅಂಗಡಿ. ಅಪ್ಪನ ವಿಷಯ ಯಾರೋ ಅವರ ಕಿವಿಗೆ ಹಾಕಿದರು. ಆ ವರ್ಷದ ಕ್ರೀಡಾಕೂಟ ಅಪ್ಪನ ಸಹಾಯಾರ್ಥ ಎಂದು ತೀರ್ಮಾನವಾಯಿತು. ನಮ್ಮೂರಿನಿಂದ ಮಾಲೂರಿನ ಮೈದಾನದವರೆಗೆ ಓಟ, ಆಮೇಲೆ ಅಪ್ಪ ಮಾಡಿದ ಗುಂಡುಗಳಲ್ಲೇ ಪಂದ್ಯ, ಬಂದದ್ದೆಲ್ಲ ಬೆಂಗಳೂರಿನ ಆಸ್ಪತ್ರೆಯ ಖರ್ಚಿಗೆ. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ನನಗೆ ಬೈಯುವುದಕ್ಕಾದರೂ ಅನುಕೂಲವಾಗುತ್ತಿತ್ತು.

ಸುದ್ದಿ ಹೇಳಲು ಕಾರ್ಯದರ್ಶಿ ಮನೆಗೆ ಬಂದಾಗ ಅಪ್ಪ ಒಂದೇ ಮಾತು ಕೇಳಿದ. "ನಾನೂ ಗುಂಡು ಎತ್ತುತೀನಿ. ಕೊಡೋರು ಅದನ್ನ ನೋಡಿ ಕೊಡಲಿ." ಅವರು ನಕ್ಕು, ನೋಡೋಣ ಆಚಾರ್ರೇ ಎಂದು ಕಾಫಿ ಕುಡಿದು ಹೋದರು.

ಅಪ್ಪ ಅದನ್ನು ನಿಜವೆಂದೇ ತಿಳಿದ. ಉಳಿ ಬಿಟ್ಟು ಕೆಲವು ತಿಂಗಳಾಗಿದ್ದರಿಂದ ಉಸಿರು ಒಂದಿಷ್ಟು ಹಗುರವಾಗಿತ್ತು. ಬೆಳಗ್ಗೆ ಅಮ್ಮ ನೀರಿಗೆ ಹೋದಾಗ ಬಯಲಿಗೆ ಇಳಿದು ನಡುಗಾತ್ರದ ಗುಂಡಿನ ಮುಂದೆ ಕೂರುತ್ತಿದ್ದ. ಮೊದಲು ಮೊಣಕಾಲಿನವರೆಗೆ. ಒಂದು ವಾರ ಕಳೆದ ಮೇಲೆ ಎದೆಗೆ. ಆಮೇಲೊಂದು ದಿನ ಹೆಗಲ ಮೇಲಿಟ್ಟು, ಹಿಂದಕ್ಕೆ ಹಾಕಿ, ನನ್ನ ಕಡೆ ತಿರುಗಿ, "ಅಮ್ಮನಿಗೆ ಹೇಳಬೇಡ ಕಣೇ" ಎಂದ. ಅವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಕಾಯಿಲೆ ಬಂದ ಮೇಲೆ ನೋಡಿರಲಿಲ್ಲ.

ಪಂದ್ಯಕ್ಕೆ ಎರಡು ದಿನ ಇರುವಾಗ ಕಾರ್ಯದರ್ಶಿ ಗುಂಡು ಸಾಗಿಸಲು ಗಾಡಿ ತಂದರು. ಅಪ್ಪ ನಡುಗಾತ್ರದ ಗುಂಡು ತೋರಿಸಿ, ಇದು ನನಗೆ ಎಂದ. ಅವರ ಮುಖ ಸಪ್ಪಗಾಯಿತು. ಜಗುಲಿಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಹೇಳಿದರು.

"ಆಚಾರ್ರೇ, ತಪ್ಪು ತಿಳೀಬೇಡಿ. ನೀವು ಗುಂಡು ಎತ್ತಿಬಿಟ್ರೆ ಜನ ಏನಂತಾರೆ? ಗೂಳಿ ಹಂಗಿದ್ದಾನೆ, ಇವನಿಗೆ ಯಾಕಪ್ಪಾ ಸಹಾಯ ಅಂತಾರೆ. ನೀವು ಕುರ್ಚಿ ಮೇಲೆ ಕೂತಿರಿ. ಶಾಲು ಹೊದ್ದಿಸ್ತೀವಿ. ಜನ ನಿಮ್ಮನ್ನ ನೋಡಬೇಕು ಅಷ್ಟೇ."

"ಕಾಯಿಲೆ ಇರೋದು ನಿಜ ತಾನೇ? ಎತ್ತಿದ್ರೆ ಸುಳ್ಳಾಗಿಬಿಡುತ್ತಾ?"

"ನಮಗೆ ಗೊತ್ತು, ಜನಕ್ಕೆ ಗೊತ್ತಾಗಬೇಕಲ್ಲ."

ಅವರು ಹೋದ ಮೇಲೆ ಅಮ್ಮ ಶುರುಮಾಡಿದಳು. "ಒಂದು ದಿನ ಸುಮ್ಮನೆ ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ? ಆಸ್ಪತ್ರೆಗೆ ಸೇರಿಸೋಕೆ ನನ್ನ ಹತ್ರ ಏನಿದೆ ಹೇಳಿ. ನಿಮಗೆ ಗುಂಡು ಬೇಕೋ, ನಾವು ಬೇಕೋ?" ಹೇಳುತ್ತ ಹೇಳುತ್ತ ಅತ್ತಳು. ನಾನು ಅಪ್ಪನ ಪಕ್ಕ ಹೋಗಿ, ಯಾರು ಏನಂದರೂ ನೀನು ಎತ್ತು ಅಪ್ಪಾ ಎಂದೆ. ಹದಿನಾರರ ವಯಸ್ಸು, ಆಸ್ಪತ್ರೆಯ ಖರ್ಚು ನನ್ನ ತಲೆಗೆ ಬಂದಿರಲಿಲ್ಲ. ಅಪ್ಪ "ನೋಡೋಣ ಕಣೇ" ಎಂದು ಎದ್ದುಹೋದ. ಕಾರ್ಯದರ್ಶಿಯವರ ಮಾತು ಅವನ ಬಾಯಿಗೂ ಬಂದಿತ್ತು.

ಓಟದ ದಿನ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹುಡುಗರ ಜೊತೆ ಬರಿಗಾಲಲ್ಲಿ ಓಡಿದೆ. ಸುಳ್ಳು ಯಾಕೆ, ಆ ಓಟ ಬಲು ಚೆನ್ನಾಗಿತ್ತು. ಎರಡೂ ಕಡೆ ಹಿಪ್ಪುನೇರಳೆ ತೋಟ, ಕೊಯ್ದ ರಾಗಿ ಹೊಲ, ಊರೂರಲ್ಲೂ ಜನ ರಸ್ತೆಗೆ ಬಂದು ಶಿಳ್ಳೆ ಹೊಡೆಯುತ್ತಿದ್ದರು. ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬಳು ಮಜ್ಜಿಗೆ ಕೊಟ್ಟು, ಯಾರಿಗೋಸ್ಕರ ಇಷ್ಟು ಓಡ್ತೀರವ್ವಾ ಎಂದು ಕೇಳಿದಳು.

"ನಮ್ಮಪ್ಪನಿಗೋಸ್ಕರ ಕಣಜ್ಜಿ. ಎದೆ ಕಾಯಿಲೆ. ಇವತ್ತು ಮಾಲೂರಲ್ಲಿ ಗುಂಡು ಎತ್ತುತಾನೆ, ಬಾ."

"ಎದೆ ಕಾಯಿಲೆಯವನು ಗುಂಡು ಎತ್ತುತಾನಾ?" ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ನಾನು ಮಜ್ಜಿಗೆ ಪೂರ್ತಿ ಕುಡಿಯದೆ ಲೋಟ ಇಟ್ಟು ಓಡಿದೆ.

ಮೈದಾನ ತಲುಪಿದಾಗ ಅಪ್ಪ ಕುರ್ಚಿಯಲ್ಲಿದ್ದ. ಆ ಬಿಸಿಲಿನಲ್ಲಿ ಕುತ್ತಿಗೆವರೆಗೆ ಶಾಲು. ಅಮ್ಮ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಗುಂಡಿನ ಪಂದ್ಯ ನಡೆಯುತ್ತಿತ್ತು. ಮುಳಬಾಗಿಲ ಗರಡಿಯ ಪೈಲ್ವಾನನೊಬ್ಬ ದೊಡ್ಡ ಗುಂಡನ್ನು ಎದೆಗೆ ತಂದು, ಅಲ್ಲಿಂದ ಮೇಲೆ ಹೋಗದೆ ಕೈಬಿಟ್ಟ. ಮಣ್ಣು ಹಾರಿತು. ಕಾರ್ಯದರ್ಶಿ ಮೈಕಿನಲ್ಲಿ, ಬಂಧುಗಳೇ, ಈ ಗುಂಡುಗಳನ್ನು ಕೆತ್ತಿದ ಕೈ ಇವತ್ತು ನಿಮ್ಮ ಮುಂದೆ ಚಾಚಿದೆ ಎಂದರು. ಅಪ್ಪನ ಎರಡೂ ಕೈ ಶಾಲಿನ ಒಳಗಿದ್ದವು.

ಆಗ ಅಪ್ಪ ಎದ್ದ. ಶಾಲು ತೆಗೆದು, ನೀಟಾಗಿ ಮಡಿಸಿ, ಕುರ್ಚಿಯ ಮೇಲಿಟ್ಟ. ನಡುಗಾತ್ರದ ಗುಂಡಿನ ಕಡೆ ನಡೆದ. ಎತ್ತುತ್ತಾನೆ, ಎತ್ತಿಯೇ ಬಿಡುತ್ತಾನೆ ಅಂದುಕೊಂಡೆ.

ಜನರ ಮಧ್ಯದಿಂದ ಒಬ್ಬ ಕೂಗಿದ. "ಲೇ, ಈವಯ್ಯ ಚೆನ್ನಾಗೇ ಇದ್ದಾನಲ್ಲೋ! ಈ ಗುಂಡು ಎತ್ತಿದ್ದು ನಾನೇ ನೋಡಿದ್ದೀನಿ. ಇವನಿಗೆ ಎಂಥ ಕಾಯಿಲೆ?"

ಒಂದು ಕಡೆಯಿಂದ ನಗು ಎದ್ದಿತು. ಕಾರ್ಯದರ್ಶಿ ಮೈಕು ಕೆಳಗಿಳಿಸಿದರು. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಗುಂಡಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಅಪ್ಪ ನಿಂತುಬಿಟ್ಟಿದ್ದ. ಅಮ್ಮನ ಕಡೆ ಒಮ್ಮೆ ನೋಡಿದ. ಆಮೇಲೆ ಬಗ್ಗಿದ. ಬಗ್ಗಿ, ಮೊಣಕಾಲ ಮೇಲೆ ಕೈ ಊರಿ, ಕೆಮ್ಮಿದ.

ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಕೆಮ್ಮಿದ. ಗಂಟಲಿನಿಂದ ಬಂದ ಕೆಮ್ಮು ಅದು. ನರ ಉಬ್ಬಲಿಲ್ಲ, ಬೆವರು ಬರಲಿಲ್ಲ. ಆ ಮೈದಾನದಲ್ಲಿ ಅದು ಸುಳ್ಳು ಎಂದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಇಬ್ಬರು ಹುಡುಗರು ಓಡಿಬಂದು ರಟ್ಟೆ ಹಿಡಿದು ಅಪ್ಪನನ್ನು ಕುರ್ಚಿಗೆ ತಂದರು. ಅಯ್ಯೋ ಪಾಪ, ಅಯ್ಯೋ ಪಾಪ ಎಂದರು ಜನ. ಕೂಗಿದವನ ತಲೆಗೆ ಯಾರೋ ಮೊಟಕಿದರು. ಸಂಘದವರು ಮಡಿಸಿಟ್ಟ ಆ ಶಾಲನ್ನೇ ಬಿಚ್ಚಿ, ನಾಲ್ಕು ಮೂಲೆ ಹಿಡಿದು ಜನರ ನಡುವೆ ಹೊರಟರು. ದುಡ್ಡು ತುಂಬಿ ಶಾಲು ಜೋಲು ಬಿತ್ತು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಕೂಗಿದವನ ಮೇಲೆ, ಸಂಘದವರ ಮೇಲೆ, ಅಮ್ಮನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಅಪ್ಪನ ಮೇಲೆ. ಅವನು ಎತ್ತಲಾಗದೆ ಬಿದ್ದಿದ್ದರೂ ನಾನು ತಲೆ ಎತ್ತಿ ಮನೆಗೆ ಬರುತ್ತಿದ್ದೆ.

ಅಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದು ಬಂದ. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಅದು, ಆದರೂ ಮೈ ಚೇತರಿಸಿಕೊಂಡಿತು. ದಿನಾ ನಡೆಯಬೇಕು, ಕೈಕಾಲು ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೇಳುವುದು ಸುಲಭ. ಇಡೀ ತಾಲೂಕು ಆ ಶಾಲಿಗೆ ದುಡ್ಡು ಹಾಕಿತ್ತಲ್ಲ, ಎಲ್ಲರಿಗೂ ಅಪ್ಪನ ಮೇಲೆ ಒಂದು ಕಣ್ಣು. ಕೆರೆಯ ಏರಿಯ ಮೇಲೆ ಸ್ವಲ್ಪ ಬಿರುಸಾಗಿ ನಡೆದರೆ, "ಏನು ಆಚಾರ್ರೇ, ಗಟ್ಟಿಯಾಗಿಬಿಟ್ರಲ್ಲ!" ಎನ್ನುವರು. ಖುಷಿಯಿಂದಲೇ ಅನ್ನುತ್ತಿದ್ದರೇನೋ. ಅಪ್ಪನಿಗೆ ಹಾಗೆ ಕೇಳಿಸುತ್ತಿರಲಿಲ್ಲ. ಮರುವರ್ಷ ಚಳಿಯಲ್ಲಿ ಊರವರು ಬಯಲಿಗೆ ಗುಂಡು ಎತ್ತಲು ಬಂದಾಗ ಅವನು ಒಳಗೆ, ಬಾಗಿಲ ಸಂದಿಯ ಹಿಂದೆ ಕೂತಿದ್ದ. ಸಂಘದವರು ಆ ವರ್ಷ ಇನ್ನೊಬ್ಬರ ಸಹಾಯಾರ್ಥ ಓಟ ಇಟ್ಟರು. ನಾನು ಹೋಗಲಿಲ್ಲ. ಆಮೇಲೆ ಯಾವತ್ತೂ ಯಾರ ಸಹಾಯಾರ್ಥವೂ ಓಡಲಿಲ್ಲ.

ಕಾಲೇಜಿಗೆ ಸೇರುವಾಗ ಅಪ್ಪನ ಜೊತೆ ಮಾಲೂರಿಗೆ ಹೋಗಿದ್ದೆ. ಅವತ್ತು ಅವನ ಮೈ ಚೆನ್ನಾಗಿತ್ತು. ಬಸ್ಸು ಇಳಿದು ಬಜಾರಿನ ರಸ್ತೆಯಲ್ಲಿ ನನಗಿಂತ ಮುಂದೆ ಮುಂದೆ, ಹಳೆಯ ಹಾಗೆ ಕೈ ಬೀಸಿ ನಡೆಯುತ್ತಿದ್ದ. ಅವನ ಹಿಂದೆ ಓಡೋಡಿ ಹೋಗುವುದು ನನಗೆ ಎಷ್ಟು ಹಿತವಾಗಿತ್ತೆಂದರೆ, ಎಲ್ಲ ಸಿಟ್ಟೂ ಮರೆತಿದ್ದೆ. ಇದ್ದಕ್ಕಿದ್ದಂತೆ ಅಪ್ಪ ನಿಧಾನ ಮಾಡಿದ. ಬೆನ್ನು ಬಗ್ಗಿಸಿದ. ಹಿಂದೆ ಕೈ ಚಾಚಿ ನನ್ನ ಭುಜ ಹಿಡಿದುಕೊಂಡ.

"ಯಾಕಪ್ಪಾ, ಸುಸ್ತಾಯ್ತಾ?" ಎಂದು ಗಾಬರಿಯಿಂದ ಕೇಳಿದೆ.

"ಇಲ್ಲ ಕಣೇ," ಎಂದ ಮೆಲ್ಲಗೆ. "ಬಟ್ಟೆ ಅಂಗಡಿ ಬಂತು."

ಗಲ್ಲಾದ ಹಿಂದಿನಿಂದ ಕಾರ್ಯದರ್ಶಿ ಕೈ ಎತ್ತಿದರು. ಅಪ್ಪನೂ ಎತ್ತಿದ. ಅಂಗಡಿ ದಾಟಿ ತಿರುವಿನವರೆಗೂ ಇನ್ನೊಂದು ಕೈ ನನ್ನ ಭುಜದ ಮೇಲೇ ಇತ್ತು. ಅದರಲ್ಲಿ ಭಾರವೇ ಇರಲಿಲ್ಲ.