ಬೆಲ್ಮಿರೊನ ಮೊಣಕಾಲು ಮತ್ತು ವಾಲ್ ಫುಂಡುವಿನ ಅಲೆಗಳು

ನಮ್ಮೂರು ವಾಲ್ ಫುಂಡುವಿನಲ್ಲಿ ಸಮುದ್ರಕ್ಕೆ ಅತಿ ಹತ್ತಿರದ ಕಟ್ಟಡ ಎಂದರೆ ಬೆಲ್ಮಿರೊನ ಕಾಫಿ ಅಂಗಡಿ. ಆದರೆ ಒಳಗೆ ಕೂತವರಿಗೆ ಸಮುದ್ರ ಕಾಣುತ್ತಿರಲಿಲ್ಲ. ಅದನ್ನು ಕಟ್ಟಿಸಿದ ಅವನ ಮಾವ ಬಾಗಿಲು, ಕಿಟಕಿ ಎಲ್ಲವನ್ನೂ ರಸ್ತೆಯ ಕಡೆಗೇ ಇಡಿಸಿದ್ದ. "ಬಸ್ಸಿಂದ ಇಳಿದವರು ಕಾಫಿ ಕುಡೀತಾರೆ. ಸಮುದ್ರದಿಂದ ಎದ್ದು ಯಾವನು ಬರ್ತಾನೆ?" ಎನ್ನುವುದು ಮುದುಕನ ವಾದ. ಹಿಂದಿನ ಗೋಡೆಯಲ್ಲಿ ಇದ್ದದ್ದು ಒಂದು ಪುಟ್ಟ ಗವಾಕ್ಷಿ. ಅದು ಕಕ್ಕಸಿನಲ್ಲಿತ್ತು, ಎತ್ತರದಲ್ಲಿತ್ತು. ಕಮೋಡಿನ ಮುಚ್ಚಳದ ಮೇಲೆ ಹತ್ತಿ ನಿಂತು ಕತ್ತು ಚಾಚಿದರೆ ಇಡೀ ಅಟ್ಲಾಂಟಿಕ್ ಕಾಣುತ್ತಿತ್ತು.

ಬೆಲ್ಮಿರೊಗೆ ಇದರಿಂದ ಬೇಸರವೇನೂ ಇರಲಿಲ್ಲ. ಮೀನುಗಾರನ ಮಗನಾದರೂ ಸಮುದ್ರ ನೋಡಿದರೆ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಚಿಕ್ಕವನಿದ್ದಾಗ ಅಪ್ಪ ಒಮ್ಮೆ ದೋಣಿ ಹತ್ತಿಸಿದ್ದರಂತೆ. ದೋಣಿ ಇನ್ನೂ ಮರಳಿನ ಮೇಲೆಯೇ ಇತ್ತು, ಹಗ್ಗ ಬಿಚ್ಚಿರಲಿಲ್ಲ, ಇವನು ಬಲೆಯ ತುಂಬ ವಾಂತಿ ಮಾಡಿಟ್ಟ. ಅಪ್ಪ ಅದೇ ವಾರ ಅವನನ್ನು ಬ್ರೆಡ್ಡಿನ ಭಟ್ಟಿಗೆ ಸೇರಿಸಿದರು. ಅಲ್ಲಿ ಹಿಟ್ಟು ನಾದುತ್ತ ದೊಡ್ಡವನಾಗಿ, ಕಾಫಿ ಅಂಗಡಿಯ ಮುದುಕನ ಮಗಳು ಫೆಲಿಸ್ಮಿನಾಳನ್ನು ಮದುವೆಯಾಗಿ, ಮುದುಕ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಬಂದು ನಿಂತ. ಸಾಯುವತನಕ ಸಮುದ್ರಕ್ಕೆ ಬೆನ್ನು ಹಾಕಿಯೇ ಇರುತ್ತಿದ್ದನೇನೋ. ಆದರೆ ಅಂಗಡಿಯಲ್ಲಿ ಫೋನು ಇತ್ತು.

ನನ್ನ ಕ್ಷೌರದಂಗಡಿಗೂ ಅವನ ಅಂಗಡಿಗೂ ನಡುವೆ ಒಂದೇ ಗೋಡೆ. ಹಾಗಾಗಿ ಮೊದಲ ಫೋನು ಬಂದದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ, ಉಳಿದದ್ದನ್ನು ಬೆಲ್ಮಿರೊನೇ ಹೇಳಿದ್ದಾನೆ. ಗಾಸ್ಪಾರ್ ಎನ್ನುವ ಲಿಸ್ಬನ್ನಿನ ಹಲ್ಲಿನ ಡಾಕ್ಟರು ಭಾನುವಾರ ಹಲಗೆ ಹೊತ್ತು ಬಂದು ಅಲೆಗಳ ಮೇಲೆ ಜಾರಾಡಿ, ಹೋಗುವಾಗ ಒಂದು ಶೂ ಬಿಟ್ಟು ಹೋಗಿದ್ದ. ಅದನ್ನು ವಿಚಾರಿಸಲು ಫೋನು ಮಾಡಿದವನು ಇಡುವ ಮುಂಚೆ, "ಹಾಗೇ ಸುಮ್ನೆ ಕೇಳ್ತೀನಿ, ಸಮುದ್ರ ಹೇಗಿದೆ?" ಎಂದ.

ಬೆಲ್ಮಿರೊ ಮರ್ಯಾದಸ್ಥ. ಕೇಳಿದ್ದಕ್ಕೆ ಉತ್ತರ ಕೊಡದೆ ಇರುವವನಲ್ಲ. "ಒಂದು ನಿಮಿಷ" ಎಂದು ಕಕ್ಕಸಿಗೆ ಹೋಗಿ, ಮೂಗು ಹಿಡಿದುಕೊಂಡು ಹೊರಗೆ ಇಣುಕಿ, ಬೆವರುತ್ತ ಬಂದ. "ಇದೆ. ಇನ್ನೂ ಅಲ್ಲೇ ಇದೆ."

"ಅಲೆ ಎಷ್ಟೆತ್ತರ ಇದೆ?"

ಬೆಲ್ಮಿರೊ ಯೋಚಿಸಿದ. ಅವನು ಜೀವನದಲ್ಲಿ ಚೆನ್ನಾಗಿ ಬಲ್ಲ ಎತ್ತರ ಒಂದೇ. "ಫೆಲಿಸ್ಮಿನಾಳ ಸೊಂಟದಷ್ಟು," ಎಂದ.

ಆ ವಾರವೇ ಗಾಸ್ಪಾರ್ ತನ್ನ ಗೆಳೆಯರಿಗೆಲ್ಲ ನಂಬರು ಹಂಚಿಬಿಟ್ಟ. ನಮ್ಮ ಕಡಲತೀರದಲ್ಲಿ ಬಂಡೆಯಿಲ್ಲ, ತಳವೆಲ್ಲ ಮರಳು. ಚಳಿಗಾಲದ ಬಿರುಗಾಳಿ ಒಮ್ಮೆ ಗುಡಿಸಿದರೆ ಮರಳಿನ ದಿಬ್ಬಗಳು ಜಾಗ ಬದಲಾಯಿಸುತ್ತವೆ, ನಿನ್ನೆ ಅಲೆ ಒಡೆದ ಕಡೆ ಇವತ್ತು ಒಡೆಯುವುದಿಲ್ಲ. ಪೂರ್ವದ ಗಾಳಿ ಬಂದರೆ ಅಲೆಯ ಮುಖ ಇಸ್ತ್ರಿ ಹಾಕಿದಷ್ಟು ನುಣುಪು, ಉತ್ತರದ ಗಾಳಿ ಬಂದರೆ ಎಲ್ಲ ಗಬ್ಬೆದ್ದು ಹೋಗುತ್ತದೆ. ಅಷ್ಟು ದೂರದಿಂದ ಬರುವವರಿಗೆ ಹೊರಡುವ ಮುಂಚೆ ತಿಳಿದುಕೊಳ್ಳಬೇಕು ಎನ್ನಿಸುವುದು ಸಹಜ. ಜೇಬಿನಲ್ಲಿ ಫೋನು ಇಟ್ಟುಕೊಂಡು ಓಡಾಡುವ ಕಾಲವೂ ಅದಲ್ಲ. ದಿನ ಬೆಳಗಾದರೆ ಬೆಲ್ಮಿರೊನ ಫೋನಿನ ಗಂಟೆ ಹೊಡೆಯುತ್ತಿತ್ತು.

ಅವನು ವರದಿ ಕೊಡುತ್ತಿದ್ದ ರೀತಿ ಇದು: "ಇವತ್ತು ಸಮುದ್ರ ರಜೆ ಹಾಕಿದೆ." "ಫೆಲಿಸ್ಮಿನಾಳ ಭುಜದವರೆಗೂ ಇದೆ, ಆದರೆ ಗಾಳಿಗೆ ಕೂದಲೆಲ್ಲ ಕೆದರಿದೆ." "ಫೆಲಿಸ್ಮಿನಾ ಹೀಲ್ಸ್ ಹಾಕಿದಷ್ಟು. ನಾನಾದ್ರೆ ಮನೇಲೇ ಇರ್ತಿದ್ದೆ." ಯಾರಾದರೂ ಕಕ್ಕಸಿನಲ್ಲಿ ಕೂತಿದ್ದರೆ ಬಾಗಿಲು ತಟ್ಟಿ, "ಒಳಗಿರೋರೇ, ಮುಗಿಸಿದ ಮೇಲೆ ಹತ್ತಿ ನಿಂತು ಸ್ವಲ್ಪ ಹೊರಗೆ ನೋಡ್ತೀರಾ?" ಎನ್ನುತ್ತಿದ್ದ. ಲಿಸ್ಬನ್ನಿನಿಂದ ಹೊಸದಾಗಿ ಬಂದವರು ಅಂಗಡಿಗೆ ಕಾಲಿಟ್ಟ ತಕ್ಷಣ ಫೆಲಿಸ್ಮಿನಾಳನ್ನು ತಲೆಯಿಂದ ಪಾದದವರೆಗೆ ನೋಡಿ, ಒಬ್ಬರಿಗೊಬ್ಬರು ತಲೆಯಾಡಿಸುತ್ತಿದ್ದರು. ಅವಳು ಪಟ್ಟಣದವರಿಗೆ ನಡತೆಯಿಲ್ಲ ಎಂದುಕೊಂಡು ಕಾಫಿ ಕುಕ್ಕುತ್ತಿದ್ದಳು.

ಇದರಿಂದ ಉರಿದುಹೋದವನು ತೆಲ್ಮು, ನಮ್ಮೂರಿನ ಅಂಚೆಯವನು. ಅವನೂ ಹಲಗೆಯವನೇ. ಅಲೆ ಚೆನ್ನಾಗಿದ್ದ ದಿನ ಮೊದಲು ಸಮುದ್ರ, ಆಮೇಲೆ ಪತ್ರ. ಅಂಥ ದಿನ ನಮ್ಮೂರಿಗೆ ಬರುತ್ತಿದ್ದ ಪತ್ರಗಳಿಗೆ ಒದ್ದೆ ನಾಯಿಯ ವಾಸನೆ ಇರುತ್ತಿತ್ತು. ಒಂದು ದಿನ ಅವನು ಅಂಗಡಿಗೆ ಬಂದು ಕೂತ.

"ಬೆಲ್ಮಿರೊ, ನೀನು ನಮ್ಮೂರನ್ನ ಮಾರ್ತಿದ್ದೀಯ ಮಾರಾಯ. ಒಳ್ಳೆ ಅಲೆ ಬಂದ ದಿನ ನೀರಲ್ಲಿ ಕಾಲಿಡೋಕೆ ಜಾಗ ಇಲ್ಲ. ಚೆನ್ನಾಗಿದ್ದಾಗ ಚೆನ್ನಾಗಿಲ್ಲ ಅಂತ ಹೇಳೋಕೆ ನಿನಗೇನು ಕಷ್ಟ?"

"ಸುಳ್ಳು ಹೇಳೋಕೆ ನನಗೆ ಬರಲ್ಲ ಕಣೋ. ನಾಲಿಗೆ ಒಣಗುತ್ತೆ."

"ಸುಳ್ಳು ಬೇಡ. ಮಾತು ತಿರುಗಿಸು. ಬೇರೆ ಏನಾದ್ರೂ ಹೇಳು."

"ಬೇರೆ ಏನು ಹೇಳ್ಲಿ?"

"ನಿನ್ನ ಮೊಣಕಾಲು ನೋವಿನ ಬಗ್ಗೆ ನಮಗೆಲ್ಲ ದಿನಾ ಹೇಳ್ತೀಯಲ್ಲ, ಅದನ್ನೇ ಅವರಿಗೂ ಹೇಳು. ಅನುಭವಿಸ್ಲಿ."

ಬೆಲ್ಮಿರೊಗೆ ಇದು ಒಪ್ಪಿಗೆಯಾಯಿತು. ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಅಂದಿನಿಂದ ಅಲೆ ಚೆನ್ನಾಗಿದ್ದಾಗಲೆಲ್ಲ ಅವನು ಮೊಣಕಾಲಿನ ಕಥೆ ಶುರು ಮಾಡುತ್ತಿದ್ದ. ಕೆಟ್ಟಿದ್ದ ದಿನ ಎಂದಿನಂತೆ ವರದಿ. ಸ್ವಲ್ಪ ಕಾಲ ತೆಲ್ಮು ಸುಖವಾಗಿದ್ದ. ಆದರೆ ಲಿಸ್ಬನ್ನಿನವರೇನೂ ದಡ್ಡರಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅವರಿಗೆ ಗುಟ್ಟು ಗೊತ್ತಾಗಿಬಿಟ್ಟಿತ್ತು. ಮೊಣಕಾಲು ನೋಯುತ್ತಿದ್ದರೆ ಹಲಗೆ ಕಾರಿಗೆ ಕಟ್ಟು. ಮೊಣಕಾಲು ವಿಪರೀತ ನೋಯುತ್ತಿದ್ದರೆ ಕೆಲಸಕ್ಕೆ ಹುಷಾರಿಲ್ಲ ಎಂದು ಹೇಳಿಬಿಡು.

ಅಕ್ಟೋಬರಿನ ಒಂದು ಬೆಳಿಗ್ಗೆ ಊರಿಗೆಲ್ಲ ಮಂಜು ಕವಿದಿತ್ತು. ಸಮುದ್ರ ತಣ್ಣಗಾದ ಸೂಪಿನ ಹಾಗೆ ಕದಲದೆ ಬಿದ್ದಿತ್ತು. ನಾನು ತೆಲ್ಮುವಿಗೆ ಕ್ಷೌರ ಮಾಡುತ್ತಿದ್ದೆ. ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ಕತ್ತಿ ಇಡಬೇಕು, ಅಷ್ಟರಲ್ಲಿ ಗೋಡೆಯಾಚೆ ಏನೋ ಮುರಿದ ಸದ್ದು, ಹಿಂದೆಯೇ ಬೆಲ್ಮಿರೊ ತನ್ನ ಮಾವನನ್ನು ಬೈಯುವ ಸದ್ದು. ಹೋಗಿ ನೋಡಿದರೆ ಕಮೋಡಿನ ಮುಚ್ಚಳ ಎರಡು ಹೋಳಾಗಿತ್ತು. ಒಂದು ಕಾಲು ಒಳಗೆ, ಇನ್ನೊಂದು ಹೊರಗೆ, ಬೆಲ್ಮಿರೊ ಗೋಡೆ ಅಪ್ಪಿಕೊಂಡು ನಿಂತಿದ್ದ.

ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದೆವು. ಮೊಣಕಾಲು ಕಣ್ಣೆದುರೇ ಊದತೊಡಗಿತು. ಫೆಲಿಸ್ಮಿನಾ ಐಸುಪೆಟ್ಟಿಗೆಯಿಂದ ಬಟಾಣಿಯ ಚೀಲ ತಂದು ಅದರ ಮೇಲೆ ಇಟ್ಟು ಆಂಬುಲೆನ್ಸಿಗೆ ಫೋನು ಮಾಡಿದಳು. ಅವಳು ಫೋನು ಇಟ್ಟಳೋ ಇಲ್ಲವೋ, ಗಂಟೆ ಹೊಡೆಯಿತು. ಗಾಸ್ಪಾರ್. ಬೆಲ್ಮಿರೊ ಕೂತಲ್ಲಿಂದಲೇ ಕೈಚಾಚಿ ತೆಗೆದುಕೊಂಡ.

"ಸಮುದ್ರ ಬಿಡಿ ಡಾಕ್ಟ್ರೇ, ಇವತ್ತು ನನ್ನ ಮೊಣಕಾಲು…"

"ಮೊಣಕಾಲಾ?" ಗಾಸ್ಪಾರನ ದನಿ ತಗ್ಗಿತು. "ತುಂಬಾನಾ?"

"ತುಂಬಾ ಅಂದ್ರೆ? ಜೀವಮಾನದಲ್ಲಿ ಇಷ್ಟು ಕಂಡಿಲ್ಲ. ಕುಂಬಳಕಾಯಿ ಆಗಿದೆ."

"ಇನ್ನೂ ದೊಡ್ಡದಾಗುತ್ತಾ?"

"ನೋಡ್ತಾ ನೋಡ್ತಾ ಏರ್ತಾ ಇದೆ."

"ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಕೇಳಿದವರಿಗೆಲ್ಲ ಹೇಳ್ತೀನಿ, ಇದ್ರಲ್ಲಿ ಬಚ್ಚಿಡೋದೇನಿದೆ?"

ಆ ಕಡೆಯಿಂದ ಫೋನು ಟಪ್ಪೆಂದು ಇಟ್ಟ ಸದ್ದು. "ಪಾಪ, ತುಂಬ ನೊಂದುಕೊಂಡ್ರು," ಎಂದ ಬೆಲ್ಮಿರೊ.

ಆಮೇಲೂ ಫೋನುಗಳು ಬಂದವು, ಅವನು ಯಾರಿಗೂ ಇಲ್ಲವೆನ್ನದೆ ನೋವು ಹೇಳಿಕೊಂಡ. ದೂರದ ಆಸ್ಪತ್ರೆಯಿಂದ ಹೊರಟ ಆಂಬುಲೆನ್ಸು ಮಾತ್ರ ಬರಲಿಲ್ಲ. ಬಂದದ್ದು ಕಾರುಗಳು. ನಮ್ಮೂರಿಗೆ ಮರಳುದಿಬ್ಬಗಳ ನಡುವೆ ಒಂದೇ ಒಂದು ಇಕ್ಕಟ್ಟಾದ ರಸ್ತೆ. ಹೊತ್ತೇರುವ ಮುಂಚೆಯೇ ಅದರ ಉದ್ದಕ್ಕೂ ತಲೆಯ ಮೇಲೆ ಹಲಗೆ ಹೊತ್ತ ಕಾರುಗಳು ಒಂದರ ಬಾಲ ಒಂದು ಮೂಸುತ್ತ ನಿಂತುಬಿಟ್ಟವು. ಕರಿ ರಬ್ಬರು ಬಟ್ಟೆ ತೊಟ್ಟವರು ಹಲಗೆ ಹಿಡಿದು ಮಂಜಿನೊಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಅದೇ ಮಂಜಿನಿಂದ ನಡೆದುಕೊಂಡು ವಾಪಸು ಬಂದರು.

ಗಾಸ್ಪಾರ್ ಅಂಗಡಿಯ ಬಾಗಿಲಲ್ಲಿ ನಿಂತು ಕುರ್ಚಿಯ ಕಡೆ ನೋಡಿದ. "ನಿಜವಾಗ್ಲೂ ಮೊಣಕಾಲೇನಾ?"

"ಮತ್ತೇನು, ಮೊಣಕೈಯಾ?" ಎಂದಳು ಫೆಲಿಸ್ಮಿನಾ. "ನೀವು ಕಾರು ತುಂಬಿಸಿರೋದಕ್ಕೆ ಆಂಬುಲೆನ್ಸು ರಸ್ತೆ ಬಾಯಲ್ಲೇ ನಿಂತಿದೆಯಂತೆ. ಈಗ ಹೇಳಿ, ಇವರನ್ನ ಹೇಗೆ ಸಾಗಿಸೋದು?"

ಗಾಸ್ಪಾರನ ಮುಖ ಸಪ್ಪಗಾಯಿತು. ಅವನ ಹಲಗೆ ಬಹಳ ಉದ್ದದ್ದು. ಅದರ ಮೇಲೆ ಬೆಲ್ಮಿರೊನನ್ನು ಮಲಗಿಸಿ, ಬೀಳದ ಹಾಗೆ ಟವೆಲುಗಳಿಂದ ಕಟ್ಟಿ, ಮರಳಿನ ಮೇಲಿಂದ ಹೊತ್ತು ರಸ್ತೆಯ ಬಾಯಿಗೆ ಮುಟ್ಟಿಸುವುದೆಂದು ತೀರ್ಮಾನವಾಯಿತು. ಮುಂದೆ ಗಾಸ್ಪಾರ್ ಮತ್ತು ಒಂದು ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದ ತೆಲ್ಮು, ಹಿಂದೆ ಲಿಸ್ಬನ್ನಿನವರು, ಪಕ್ಕದಲ್ಲಿ ಬಟಾಣಿ ಚೀಲ ಹಿಡಿದ ಫೆಲಿಸ್ಮಿನಾ. ನಾನು ಅವನ ಟೋಪಿ ಹಿಡಿದುಕೊಂಡಿದ್ದೆ. ಬೆಲ್ಮಿರೊ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ, ನೋವಿಗಲ್ಲ, ಸಮುದ್ರ ಕಾಣಬಾರದೆಂದು.

ಅರ್ಧ ದಾರಿಗೆ ಬರುವಾಗ ನನ್ನ ಕುತ್ತಿಗೆಗೆ ಒಣ ಗಾಳಿ ತಾಗಿತು. ಗಾಳಿ ಪೂರ್ವಕ್ಕೆ ತಿರುಗಿತ್ತು. ಮಂಜು ಪರದೆ ಸರಿಸಿದಂತೆ ಹೋಯಿತು. ದೂರದ ಯಾವುದೋ ಬಿರುಗಾಳಿ ಕಳಿಸಿದ್ದ ಅಲೆಗಳು ಆಗಲೇ ಬಂದು ಮುಟ್ಟುತ್ತಿದ್ದವು. ಒಂದರ ಹಿಂದೆ ಒಂದು ಎದ್ದು, ಗಾಳಿಗೆ ತುದಿ ಹಾರಿಸಿಕೊಂಡು, ಒಂದು ತುದಿಯಿಂದ ನಿಧಾನವಾಗಿ ಮಗುಚಿಕೊಳ್ಳುತ್ತಿದ್ದವು. ಹೊತ್ತವರ ನಡಿಗೆ ನಿಧಾನವಾಯಿತು, ಹಲಗೆ ತಾನಾಗಿಯೇ ನೀರಿನ ಕಡೆಗೆ ವಾಲತೊಡಗಿತು. ಹಿಂದಿದ್ದವನೊಬ್ಬ, "ನನ್ನ ಕೈ ನೋಯ್ತಿದೆ, ಬದಲಿ ಯಾರಾದ್ರೂ ಹಿಡೀರಿ," ಎಂದು ಬಿಟ್ಟವನು ತನ್ನ ಹಲಗೆ ತರಲು ಓಡಿದ. ಇನ್ನೊಬ್ಬ ಅವನನ್ನು ಕರೆತರುತ್ತೇನೆಂದು ಹೋದ. ಹೀಗೆ ಕರೆತರಲು ಹೋದವರೆಲ್ಲ ನೀರಿನಲ್ಲಿ ಕಾಣಿಸಿಕೊಂಡರು.

"ಬೆಲ್ಮಿರೊ ಅವರೇ," ಎಂದ ಗಾಸ್ಪಾರ್ ಕೊನೆಗೆ. "ನೋವು ತಡ್ಕೊಳೋ ಹಾಗಿದೆಯಾ?"

"ಯಾಕೆ?"

"ಒಂದೇ ಒಂದು ಅಲೆ. ಹೋಗಿ ಬಂದುಬಿಡ್ತೀನಿ."

"ಹಲಗೆ ಮೇಲೆ ನಾನಿದ್ದೀನಲ್ಲ?"

"ಅದೇ ಯೋಚನೆ."

ಬೆಲ್ಮಿರೊನನ್ನು ಮೆಲ್ಲಗೆ ಮರಳಿನ ಮೇಲಿಳಿಸಿ, ತಲೆಗೆ ಟವೆಲು ಮಡಚಿಟ್ಟರು. ಫೆಲಿಸ್ಮಿನಾ ನೀರಿಗೆ ಓಡಿದವರ ಹಿಂದೆ ಬಟಾಣಿ ಚೀಲ ಎಸೆದಳು, ಮತ್ತೆ ತಾನೇ ಹೋಗಿ ಎತ್ತಿಕೊಂಡು ಬಂದಳು. ತೆಲ್ಮು, "ನಾನು ನಿನ್ನ ಬಿಟ್ಟು ಹೋಗಲ್ಲ ಮಾರಾಯ," ಎಂದು ಮೂರು ಅಲೆಗಳಷ್ಟು ಹೊತ್ತು ಪಕ್ಕದಲ್ಲಿ ಕೂತ. ನಾಲ್ಕನೆಯದಕ್ಕೆ ಅವನೂ ಹೋದ.

ಬೆಲ್ಮಿರೊ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ನಾನು ಬದಿಗೆ ಸರಿದು ನಿಂತೆ, ಏನಾದರೂ ಹಾರಿದರೆ ಎಂದು. ಏನೂ ಆಗಲಿಲ್ಲ. "ಮಲಗಿ ನೋಡಿದ್ರೆ ತೊಳಸಲ್ಲ ಕಣೋ ಕುಸ್ಟೋಡಿಯು," ಎಂದ ನನಗೆ, ಉಡುಗೊರೆ ಸಿಕ್ಕವನ ಹಾಗೆ. "ನಾನು ಇಷ್ಟು ವರ್ಷ ನಿಂತು ನೋಡ್ತಿದ್ದೆ."

ಗಾಸ್ಪಾರ್ ನೀರಿನಿಂದ ಕೂಗಿದ, "ಎಷ್ಟಿದೆ? ಹಿಂದೆ ಬರ್ತಿರೋದು ಎಷ್ಟಿದೆ?"

"ಫೆಲಿಸ್ಮಿನಾ, ಸ್ವಲ್ಪ ಮುಂದೆ ಹೋಗಿ ನಿಲ್ಲು," ಎಂದ ಬೆಲ್ಮಿರೊ.

"ಯಾಕೆ?"

"ಅಳತೆಗೆ."

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು. ಇಷ್ಟು ವರ್ಷ ಫೋನು ಬರುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿರುತ್ತಿದ್ದಳು, ಇವನು ಫೋನಿನಲ್ಲಿ ಏನು ಹೇಳುತ್ತಿದ್ದ ಎಂದು ಅವಳಿಗೆ ಗೊತ್ತೇ ಇರಲಿಲ್ಲ. "ಅವರೆಲ್ಲ ನನ್ನ ಹಾಗೆ ನೋಡ್ತಿದ್ದದ್ದು ಅದಕ್ಕಾ?"

"ಗೌರವದಿಂದ ನೋಡ್ತಿದ್ರು."

"ಚಪ್ಪಲಿ ಹಾಕಿ ಅಳೀತಿದ್ದೆಯೋ, ಬರಿಗಾಲೋ?"

"ಎರಡೂ. ಹೀಲ್ಸ್ ಬೇರೆ."

"ಹೀಲ್ಸ್ ಲೆಕ್ಕಕ್ಕೆ ಹಿಡೀಬೇಡ. ಅದು ಮೋಸ," ಎಂದವಳು ಚಪ್ಪಲಿ ಬಿಚ್ಚಿಟ್ಟು, ನೀರಿನಂಚಿಗೆ ಹೋಗಿ, ಸೆರೆಮನೆಯ ಫೋಟೋಗೆ ನಿಂತವಳಂತೆ ನೆಟ್ಟಗೆ ನಿಂತಳು. ಹಿಂದೆ ಎದ್ದ ಅಲೆ ಅವಳ ತಲೆಗಿಂತ ಬಹಳ ಮೇಲೆ ಹೋಯಿತು. ಬೆಲ್ಮಿರೊ ಅಳತೆ ಕೂಗಿ ಹೇಳಿದ. ನೊರೆ ಬಂದು ಅವಳನ್ನು ಸೊಂಟದವರೆಗೆ ನೆನೆಸಿತು, ಅವಳು ಅಳ್ಳಾಡಲಿಲ್ಲ.

ಆಂಬುಲೆನ್ಸಿನವರು ಕಾದು ಕಾದು ತಾವೇ ಸ್ಟ್ರೆಚರು ಹಿಡಿದು ನಡೆದು ಬಂದಾಗ ರೋಗಿ ಹೊರಡಲು ಒಪ್ಪಲಿಲ್ಲ. ಅಲೆಗಳ ಇನ್ನೊಂದು ಗುಂಪು ಬರುತ್ತಿದೆ, ಅದು ಮುಗಿಯಲಿ ಎಂದ.

ಮೊಣಕಾಲಿನ ಒಳಗೇನೋ ಹರಿದಿತ್ತು, ಚಳಿಗಾಲವಿಡೀ ಪಟ್ಟಿ ಕಟ್ಟಿಸಿಕೊಂಡಿದ್ದ. ತೆಲ್ಮುವಿನ ಉಪಾಯ ಅಲ್ಲಿಗೆ ಸತ್ತಿತು, ಯಾವುದು ಮೊಣಕಾಲಿನ ನೋವು, ಯಾವುದು ಅಲೆಯ ನೋವು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಫೆಲಿಸ್ಮಿನಾ ಗೌಂಡಿಯನ್ನು ಕರೆಸಿ ಹಿಂದಿನ ಗೋಡೆಗೆ ದೊಡ್ಡ ಕಿಟಕಿ ಇಡಿಸಿದಳು. ಲಿಸ್ಬನ್ನಿನವರು ನಾಚಿಕೆಯಿಂದ ಇಟ್ಟಿಗೆ ಹೊತ್ತರು. ಕಿಟಕಿಯ ಕೆಳಗೆ ಒಂದು ಮಂಚ ಬಂತು, ಬೆಲ್ಮಿರೊ ಅದರ ಮೇಲೆ ಮಲಗಿ ಬರಿಗಾಲಿನ ಅಳತೆಯಲ್ಲಿ ವರದಿ ಕೊಡುತ್ತ ಅನೇಕ ವರ್ಷ ಕಳೆದ. ಗಿರಾಕಿಗಳು ಕಾಫಿ ತಾವೇ ಮಾಡಿಕೊಳ್ಳುತ್ತಿದ್ದರು.

ಆಮೇಲೆ ಯಾರೋ ಬಂದು ಜೀವರಕ್ಷಕರ ಕಂಬಕ್ಕೆ ಕ್ಯಾಮೆರಾ ಕಟ್ಟಿದರು. ಈಗ ಲಿಸ್ಬನ್ನಿನಲ್ಲಿ ಹಾಸಿಗೆಯಿಂದ ಏಳುವ ಮುಂಚೆಯೇ ನಮ್ಮ ಸಮುದ್ರ ಕಾಣುತ್ತದಂತೆ. ಫೋನುಗಳು ನಿಂತವು. ಒಬ್ಬನದು ಮಾತ್ರ ನಿಂತಿಲ್ಲ: ಆದೆರಿತು ಎನ್ನುವ ನಿವೃತ್ತ ಟ್ರಾಮ್ ಚಾಲಕ. ಅವನು ಯಾವತ್ತೂ ಹಲಗೆ ಹತ್ತಿದವನಲ್ಲ. ಹಿಂದೊಮ್ಮೆ ತಂಗಿಗೆ ಮಾಡಲು ಹೋಗಿ ತಪ್ಪಿ ಈ ನಂಬರಿಗೆ ಮಾಡಿದ್ದ. ಸಮುದ್ರದ ಸುದ್ದಿ ಕೇಳುವುದೇ ಇಲ್ಲ. ನೆನ್ನೆ ಬೆಳಿಗ್ಗೆಯೂ ಫೋನು ಬಂದಿತ್ತು, ಎಲೆಕೋಸಿನ ಸೂಪಿಗೆ ಆಲೂಗಡ್ಡೆಯನ್ನು ಹಿಸುಕಿ ಹಾಕಬೇಕೋ ಹೆಚ್ಚಿ ಹಾಕಬೇಕೋ ಎಂದು ಇಬ್ಬರೂ ಜಗಳವಾಡುತ್ತಿದ್ದರು. ಬೆಲ್ಮಿರೊ ಹಿಸುಕುವ ಪಕ್ಷ. ಗೋಡೆಯಾಚೆಯಿಂದ ನಾನೂ ಹೆಚ್ಚುವುದೇ ಸರಿ ಎಂದು ಕೂಗಿದೆ, ಆದರೆ ನನ್ನ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.